ಗುಲಾಬಿಗೆ ಬೂಷ್ಟು ಹಿಡಿಯದ ಹಾಗೆ

ಕಲಬುರಗಿಯ ಶರಣಬಸವೇಶ್ವರ ಗುಡಿ ಹತ್ತಿರ ಹೂ ಮಾರುತ್ತೇನೆ. ಮೊದಲು ಬಿಸಿಲಿಗೆ ಹೆದರಿ ಗುಲಾಬಿ ಮೇಲೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಎಸಳಿನ ಮೇಲೆ ಕಂದು ಚುಕ್ಕಿ, ಒಳಗೆ ಬೂದು ಬಣ್ಣದ ಬೂಷ್ಟು! ಎಸಳಿನ ಮೇಲೆ ನಿಂತ ತೇವವೇ ಅದನ್ನು ಬೆಳೆಸೋದು. ಈಗ ನೀರು ದಂಟಿಗಷ್ಟೇ.

ಹೂ ತಂದ ಕೂಡಲೇ ಚುಕ್ಕಿ ಬಿದ್ದ ಎಸಳು ಕಿತ್ತು ದೂರ ಬಿಸಾಡಿ. ಚೂಪಾದ ಚಾಕುವಿನಿಂದ ದಂಟಿನ ತುದಿಯನ್ನು ಒಂದು ಇಂಚು ಓರೆಯಾಗಿ ಕತ್ತರಿಸಿ. ನೀರಲ್ಲಿ ಮುಳುಗುವ ಎಲೆ ತೆಗೆಯಿರಿ, ಇಲ್ಲದಿದ್ದರೆ ಕೊಳೆತು ನಾರುತ್ತವೆ. 1 ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ. ಬರೀ ಸಕ್ಕರೆ ಹಾಕಿದರೆ ನೀರು ಬೇಗ ಕೆಡುತ್ತದೆ. ದಿನಾ ನೀರು ಬದಲಿಸಿ, ಬಕೆಟ್ ತಿಕ್ಕಿ ತೊಳೆಯಿರಿ.

ಪಕ್ಕದಲ್ಲಿ ಬಾಳೆಹಣ್ಣು ಇಡಬೇಡಿ. ಮಾಗುವ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂ ಬೇಗ ಬಾಡುತ್ತದೆ. ನಮ್ಮತ್ತೆ ಮಾತ್ರ ಇದನ್ನು ಇನ್ನೂ ನಂಬಿಲ್ಲ.