ಸೂಪರ್‌ಚಾರ್ಜರ್ ಕಾರಿಗೆ ಯಾವ ಆಯಿಲ್? ಡಬ್ಬಿಯ ಹಿಂಬದಿ ಓದಿ

ಟೆಕ್ಸಸ್‌ನಲ್ಲಿರುವ ನನ್ನ ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಡಾಜ್ ಚಾಲೆಂಜರ್ ಹೆಲ್‌ಕ್ಯಾಟ್ ತಗೊಂಡ. 2015ರ ಮಾಡೆಲ್, 6.2 ಲೀಟರ್ ವಿ8 (ಎಂಟು ಸಿಲಿಂಡರ್ ಎಂಜಿನ್), ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಬೇರೆ, 707 ಹಾರ್ಸ್‌ಪವರ್. ತಗೊಂಡ ವಾರವೇ ಫೋನ್ ಮಾಡಿದ: "ಇದಕ್ಕೆ 20ಡಬ್ಲ್ಯೂ-50 ಹಾಕ್ಲಾ? ಇಷ್ಟು ಪವರ್ ಇದೆ, ಗಟ್ಟಿ ಆಯಿಲ್ ಬೇಕಲ್ವಾ?"

ಅವನು ಹಾಗೆ ಕೇಳಿದ್ದು ಸಹಜ. ಊರಲ್ಲಿ ನಾವೆಲ್ಲ ಬೈಕಿಗೆ 20ಡಬ್ಲ್ಯೂ-40 ಹಾಕಿಸಿಕೊಂಡೇ ಬೆಳೆದವರು, ಆಯಿಲ್ ಗಟ್ಟಿ ಇದ್ದಷ್ಟೂ ಎಂಜಿನ್‌ಗೆ ಒಳ್ಳೇದು ಅಂತ ಮೆಕ್ಯಾನಿಕ್ ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಆದರೆ ಈ ಎಂಜಿನ್‌ಗೆ ಕಂಪನಿ ಹೇಳಿರುವುದು 0ಡಬ್ಲ್ಯೂ-40 ಫುಲ್ ಸಿಂಥೆಟಿಕ್. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಸೂಪರ್‌ಚಾರ್ಜರ್ ಕಾರಿಗೂ ಆಯಿಲ್ ಹುಡುಕುವ ದಾರಿ ಇದೇ.

ಮೊದಲು: ಸೂಪರ್‌ಚಾರ್ಜರ್‌ನ ಆಯಿಲ್ ಯಾವುದು?

ತುಂಬಾ ಜನ ಎಡವುವುದು ಇಲ್ಲೇ. ಟರ್ಬೊ ಕೂಡ ಗಾಳಿ ತುಂಬುವ ಯಂತ್ರವೇ, ಆದರೆ ಅದು ತಿರುಗುವುದು ಎಂಜಿನ್‌ನ ಬಿಸಿ ಹೊಗೆಯಿಂದ. ಅದರ ಬೇರಿಂಗ್‌ಗೆ ಎಂಜಿನ್ ಆಯಿಲ್ಲೇ ಹೋಗುತ್ತದೆ, ಅಲ್ಲಿನ ಬಿಸಿಗೆ ಆಯಿಲ್ ಸುಟ್ಟು ಕರಿ ಕಟ್ಟಬಹುದು. ಹೆಲ್‌ಕ್ಯಾಟ್‌ನ ಸೂಪರ್‌ಚಾರ್ಜರ್ ಹಾಗಲ್ಲ. ಅದು ಬೆಲ್ಟ್‌ನಿಂದ ತಿರುಗುತ್ತದೆ, ಅದರ ಗೇರಿಗೆ ಬೇರೆಯದೇ ಆಯಿಲ್ ಇರುತ್ತದೆ, ಎಂಜಿನ್ ಆಯಿಲ್ ಅಲ್ಲಿಗೆ ಹೋಗುವುದೇ ಇಲ್ಲ. ಆಮೇಲೆ ಹೊರಗಿನಿಂದ ತಂದು ಹಾಕಿಸುವ ಸೂಪರ್‌ಚಾರ್ಜರ್ ಕಿಟ್‌ಗಳೂ ಎಲ್ಲ ಹೀಗೇ ಅಂದುಕೊಳ್ಳಬೇಡಿ. ವೋರ್ಟೆಕ್ ಕಂಪನಿಯ ವಿ-1, ವಿ-2 ಮಾದರಿಗಳಿಗೆ ಎಂಜಿನ್‌ನಿಂದಲೇ ಆಯಿಲ್ ಬರುತ್ತದೆ, ವಿ-3ಗೆ ಸ್ವಂತ ಆಯಿಲ್ ಇದೆ. ಹೊರಗಿನ ಕಿಟ್ ಹಾಕಿಸಿದ ಕಾರಾಗಿದ್ದರೆ ಇದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಹಾಗಾದರೆ ಎಂಜಿನ್ ಆಯಿಲ್‌ಗೆ ಇಲ್ಲಿ ಏನು ಕಷ್ಟ? ಒತ್ತಡ. ಸೂಪರ್‌ಚಾರ್ಜರ್ ಜಾಸ್ತಿ ಗಾಳಿ ತುಂಬುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಜಾಸ್ತಿ ಉರಿಯುತ್ತದೆ, ಆ ಏಟೆಲ್ಲ ಪಿಸ್ಟನ್ ಮೂಲಕ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಂತಿರುವುದು ಕೂದಲಿಗಿಂತ ತೆಳುವಾದ ಒಂದು ಆಯಿಲ್ ಪದರ. ನಾವು ಆಯಿಲ್ ಆರಿಸುವುದು ಆ ಪದರಕ್ಕಾಗಿ.

ಆಮೇಲೆ: ನಂಬರ್ ಅರ್ಥ ಮಾಡಿಕೊಳ್ಳಿ

0ಡಬ್ಲ್ಯೂ-40 ಅಂದಾಗ ಡಬ್ಲ್ಯೂ ಅಂದರೆ ವಿಂಟರ್. ಅದರ ಹಿಂದಿನ ನಂಬರ್ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಅನ್ನುವುದಕ್ಕೆ. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 20ಡಬ್ಲ್ಯೂ ಆಯಿಲನ್ನು ಬರೀ ಮೈನಸ್ 15ರಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಟ್ಟಿ ಆಯಿಲ್ ಮೇಲಿನವರೆಗೆ ಏರುವುದು ತಡವಾಗುತ್ತದೆ, ಅಷ್ಟು ಹೊತ್ತೂ ಎಂಜಿನ್ ಸವೆಯುತ್ತದೆ. 40 ಅನ್ನುವುದು 100 ಡಿಗ್ರಿ ಬಿಸಿಯಲ್ಲಿನ ಗಟ್ಟಿತನ. ಅಂದರೆ ಬಿಸಿಯಾದ ಮೇಲೆ 0ಡಬ್ಲ್ಯೂ-40 ತೆಳು ಆಯಿಲ್ ಅಲ್ಲವೇ ಅಲ್ಲ, ಅದು ಊರಿನ 20ಡಬ್ಲ್ಯೂ-40ರ ಗುಂಪಿನದೇ!

ಇನ್ನೊಂದು ಅಳತೆ ಡಬ್ಬಿ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ಆಯಿಲ್ ಕಂಪನಿಯ ಡೇಟಾ ಶೀಟ್‌ನಲ್ಲಿ ಹುಡುಕಿ: ಎಚ್‌ಟಿಎಚ್‌ಎಸ್ (ಹೈ ಟೆಂಪರೇಚರ್ ಹೈ ಶಿಯರ್). 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂಥ ವೇಗದಲ್ಲಿ ಉಜ್ಜಿದಾಗ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಅಂತ ಇದು ಹೇಳುತ್ತದೆ. 0ಡಬ್ಲ್ಯೂ-40ಗೆ ಇದು ಕನಿಷ್ಠ 3.5 ಇರಬೇಕು, 30ರ ಆಯಿಲ್‌ಗೆ 2.9 ಸಾಕು, 20ಕ್ಕೆ 2.6. ಎರಡು ಆಯಿಲ್ ನಡುವೆ ಗೊಂದಲವಾದರೆ ನಾನು ನೋಡುವುದು ಇದನ್ನೇ.

ಈಗ ಡಬ್ಬಿ ತಿರುಗಿಸಿ

ಮುಂಬದಿಯ ರೇಸ್ ಕಾರಿನ ಚಿತ್ರ ಬಿಡಿ. ಮ್ಯಾನ್ಯುಯಲ್‌ನಲ್ಲಿ ಬರೆದ ಕಂಪನಿಯ ಸ್ಟ್ಯಾಂಡರ್ಡ್ ನಂಬರ್ ಹಿಂಬದಿ ಇದೆಯಾ ನೋಡಿ. ಹೆಲ್‌ಕ್ಯಾಟ್‌ಗೆ ಅದು ಎಂಎಸ್-12633. 'ಅಪ್ರೂವ್ಡ್' ಅಂತ ಇದ್ದರೆ ಕಾರು ಕಂಪನಿ ಒಪ್ಪಿದ ಆಯಿಲ್. 'ಸೂಟಬಲ್ ಫಾರ್' ಅಂತ ಇದ್ದರೆ ಆಯಿಲ್ ಮಾರುವವರೇ ತಮ್ಮ ಭರವಸೆ ಮೇಲೆ ಹಾಗೆ ಹೇಳುತ್ತಿದ್ದಾರೆ ಅಂತ. ವಾರಂಟಿ ಇನ್ನೂ ಇರುವ ಕಾರಿಗೆ ಮೊದಲನೆಯದೇ ಇರಲಿ.

ಒಂದು ಕಾರಿನದ್ದು ಇನ್ನೊಂದಕ್ಕೆ ಆಗುವುದಿಲ್ಲ. 2020ರ ಫೋರ್ಡ್ ಶೆಲ್ಬಿ ಜಿಟಿ500 ಕೂಡ ಸೂಪರ್‌ಚಾರ್ಜರ್ ವಿ8, ಆದರೆ ಅದಕ್ಕೆ ಫೋರ್ಡ್ ಹೇಳುವುದು 5ಡಬ್ಲ್ಯೂ-50.

ಹೆಲ್‌ಕ್ಯಾಟ್‌ಗೆ ಫಿಲ್ಟರ್ ಸೇರಿ 7 ಕ್ವಾರ್ಟ್ ಬೇಕು, ಸುಮಾರು 6.6 ಲೀಟರ್. ಅಮೆರಿಕದ ಅಂಗಡಿಯಲ್ಲಿ 5 ಕ್ವಾರ್ಟ್‌ನ ಒಂದು ಕ್ಯಾನ್, ಬಿಡಿ ಬಾಟಲಿ ಎರಡು ತಂದರೆ ಸರಿಯಾಗುತ್ತದೆ. ಹೊರಗೆ ಆಯಿಲ್ ಬದಲಿಸುವುದಾದರೆ ಆಯಿಲ್ ನೀವೇ ಒಯ್ಯಿರಿ, ಪಕ್ಕದಲ್ಲಿ ನಿಂತು ನೋಡಿ. ಒಮ್ಮೆ ಒಂದು ಸರ್ವೀಸ್ ಅಂಗಡಿಯವರು ನನ್ನ ಕಾರಿಗೆ ಡ್ರಮ್‌ನಲ್ಲಿದ್ದ 5ಡಬ್ಲ್ಯೂ-20 ಸುರಿದಿದ್ದರು, ಬಿಲ್ ನೋಡಿದಾಗಲೇ ನನಗೆ ಗೊತ್ತಾದದ್ದು. ಅಂದೇ ಎಲ್ಲ ಇಳಿಸಿ ಮತ್ತೆ ಹಾಕಿಸಿದೆ.

ಹಾಕಿದ ಮೇಲೆ

ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಥ ಎಂಜಿನ್‌ಗೆ ಪೆಟ್ರೋಲ್ ಬೇಕೆಂದೇ ಜಾಸ್ತಿ ಹೋಗುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ದೂರದ ಓಡಾಟದಲ್ಲಿ ಅದು ಆವಿಯಾಗಿ ಹೋಗುತ್ತದೆ. ದಿನಾ ಮೂರು ಮೈಲಿ ಹೋಗಿ ಬರುವ ಕಾರಿನಲ್ಲಿ ಹೋಗುವುದಿಲ್ಲ, 40ರ ಆಯಿಲ್ ನಿಧಾನಕ್ಕೆ 30ರ ಹಾಗೆ ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸುಮ್ನೆ ಏರುತ್ತಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಮೈಲಿ ಎಣಿಸುತ್ತಾ ಕೂರಬೇಡಿ, ಬದಲಿಸಿ. ಟ್ರ್ಯಾಕ್‌ಗೆ ಹೋಗಿ ಬಂದ ಮೇಲೂ ಹಾಗೇ.

ಆಯಿಲ್ ಇಳಿಸುವಾಗ ಮಧ್ಯದ ಹರಿವಿನಿಂದ ಒಂದು ಸಣ್ಣ ಬಾಟಲಿ ಹಿಡಿದು ಲ್ಯಾಬ್‌ಗೆ ಕಳಿಸಿ. ಸೀಸ, ತಾಮ್ರ ಏರುತ್ತಿದ್ದರೆ ಬೇರಿಂಗ್ ಸವೆಯುತ್ತಿರಬಹುದು, ಸಿಲಿಕಾನ್ ಏರಿದರೆ ಏರ್ ಫಿಲ್ಟರ್ ಕಡೆಯಿಂದ ಧೂಳು ಬರುತ್ತಿರಬಹುದು. ಗೆಳೆಯನ ಮೊದಲ ಬಾಟಲಿ ಹೋದ ವಾರ ಪೋಸ್ಟ್‌ಗೆ ಹೋಯಿತು.