ಕಡಲೆಬೀಜ ಕೊಟ್ಟು ಕಾಗೆಯಿಂದ ಬಾಟಲಿ ಮುಚ್ಚಳ ಆಯಿಸುವ ಪೆಟ್ಟಿಗೆ

ಪಿತೃಪಕ್ಷದಲ್ಲಿ ಎಡೆ ಇಟ್ಟು ಕರೆದರೆ ಬರುವ ಬೂದುಕತ್ತಿನ ಕಾಗೆಗೆ ಬೆಂಗಳೂರಿನ ತಾರಸಿ ಹೊಸದಲ್ಲ. ಮುಚ್ಚಳ ತಂದು ಹಾಕಿದರೆ ಕಡಲೆಬೀಜ ಉದುರಿಸುವ ಈ ಪೆಟ್ಟಿಗೆ ಹೊಸದು, ಅದಕ್ಕೇ ಹೆದರುತ್ತದೆ. 2018ರಲ್ಲಿ ಫ್ರಾನ್ಸಿನ ಪ್ಯೂ ದು ಫೂ ಉದ್ಯಾನದಲ್ಲಿ ಕಸ ಆಯ್ದ ಆರು ಕಾಗೆ ಜಾತಿಯ ಹಕ್ಕಿಗಳು ಮನುಷ್ಯರು ಸಾಕಿದಂಥವು. ನಿಮ್ಮ ತಾರಸಿಗೆ ಬರುವವು ಯಾರ ಮಾತೂ ಕೇಳದವು, ಹಾಗಾಗಿ ತಿಂಗಳುಗಟ್ಟಲೆ ತಾಳ್ಮೆ ಬೇಕು. ಕಾಗೆ ಹಿಡಿಯುವುದು, ಮರಿ ತಂದು ಸಾಕುವುದು ಬೇಡವೇ ಬೇಡ. ಸಿಗರೇಟು ತುಂಡೂ ಬೇಡ, ಅದರಲ್ಲಿ ನಿಕೋಟಿನ್ ಇರುತ್ತದೆ. ಸೋಡಾ, ಬಿಯರ್ ಬಾಟಲಿಯ ತಗಡಿನ ಮುಚ್ಚಳ ಸಾಕು.

ಸಾಮಾನೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ: ಆರ್ಡುಯಿನೋ ಊನೋ (ಪೆಟ್ಟಿಗೆ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು), ಎಂಜಿ995 ಸರ್ವೋ (ಬೀಜ ಬೀಳಿಸುವ ಮೋಟರ್), 12 ವೋಲ್ಟಿನ ಬ್ಯಾಟರಿ, ಲೋಹ ಗುರುತಿಸುವ ಇಂಡಕ್ಟಿವ್ ಸೆನ್ಸರ್. ಸೆನ್ಸರ್ 8 ಮಿ.ಮೀ. ದೂರದಿಂದ ಲೋಹ ಗುರುತಿಸುವಂಥದ್ದೇ ಇರಲಿ. 4 ಮಿ.ಮೀ.ನದು ಅಗ್ಗ, ಆದರೆ ಮುಚ್ಚಳ ಹಲ್ಲು ಕೆಳಗಾಗಿ ಜಾರಿದರೆ ಅದರ ತಗಡು ಸುಮಾರು 6 ಮಿ.ಮೀ. ಮೇಲಿರುತ್ತದೆ, ಸೆನ್ಸರಿಗೆ ಕಾಣುವುದಿಲ್ಲ. ಸೆನ್ಸರಿನ 12 ವೋಲ್ಟನ್ನು ನೇರ ಆರ್ಡುಯಿನೋಗೆ ಕೊಟ್ಟರೆ ಬೋರ್ಡು ಸುಡುತ್ತದೆ, ನಡುವೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಹಾಕಿ. ಸರ್ವೋಗೆ ಬೇರೆಯಾಗಿ, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್ ಕೊಡಿ. ಇಲ್ಲದಿದ್ದರೆ ಅದು ತಿರುಗಿದಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತದೆ. ಮುಚ್ಚಳ ಸೆನ್ಸರ್ ಮೇಲಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಆದ್ದರಿಂದ ಪ್ರೋಗ್ರಾಮಿನಲ್ಲಿ ಇಂಟರಪ್ಟ್ (ಸಂಕೇತ ಬಂದ ಕ್ಷಣವೇ ಬೇರೆ ಕೆಲಸ ನಿಲ್ಲಿಸಿ ಗಮನಿಸುವ ವಿಧಾನ) ಬಳಸಿ.

110 ಮಿ.ಮೀ. ಪಿವಿಸಿ ಪೈಪೇ ಬಾಯಿ. ಅದರ ಕೆಳಗೆ 40 ಮಿ.ಮೀ. ಅಗಲದ ಇಳಿಜಾರು ಜಾರುಹಲಗೆ, ಹಲಗೆಯ ಅಡಿಗೆ ಸೆನ್ಸರ್. ಮುಚ್ಚಳ ಬೀಳುವ ಡಬ್ಬಕ್ಕೆ ಬೀಗ ಇರಲಿ, ಇಲ್ಲದಿದ್ದರೆ ಕಾಗೆ ಬಿದ್ದ ಮುಚ್ಚಳವನ್ನೇ ಕದ್ದು ಮತ್ತೆ ಹಾಕುತ್ತದೆ! ಬಹುಮಾನ ಉಪ್ಪು, ಖಾರ ಇಲ್ಲದ ಕಡಲೆಬೀಜ, ಸಲಕ್ಕೆ ಎರಡು ಮೂರು. ಮುಚ್ಚಳ ಬಿದ್ದ ಒಂದು ಸೆಕೆಂಡಿನೊಳಗೆ ಬೀಜ ಬೀಳಬೇಕು. ತಡವಾದರೆ ಯಾವುದಕ್ಕೆ ಯಾವುದು ಸಿಕ್ಕಿತೆಂದು ಕಾಗೆಗೆ ತಿಳಿಯುವುದಿಲ್ಲ.

ಇನ್ನು ಕಲಿಸುವುದು. ಮೊದಲು ಕರೆಂಟ್ ಕೊಡದೆ, ಪೆಟ್ಟಿಗೆಯ ತಟ್ಟೆಯಲ್ಲಿ ಬೀಜದ ಜತೆ ಇಪ್ಪತ್ತು ಮುಚ್ಚಳ ಬೆರೆಸಿ ದಿನಾ ಒಂದೇ ಹೊತ್ತಿಗೆ, ಬೆಳಗ್ಗೆ ಬೇಗ, ಇಡಿ. ನೀವು ನಿಂತು ನೋಡಬೇಡಿ. ಮೊದಮೊದಲು ಕಾಗೆಗಳು ನೀರಿನ ಟ್ಯಾಂಕ್ ಮೇಲೆ ಕೂತು ಬರೀ ನೋಡುತ್ತವೆ. ಧೈರ್ಯವಾಗಿ ತಿನ್ನತೊಡಗಿದ ಮೇಲೆ, ಉದ್ದ ತಂತಿಯ ಸ್ವಿಚ್ಚಿನಿಂದ ಮೋಟರ್ ತಿರುಗಿಸಿ ಬೀಜ ಬೀಳಿಸಿ. ಗರ್ರೆನ್ನುವ ಸದ್ದಿಗೆ ಹಾರಿಹೋಗದಿದ್ದರೆ ಮಾತ್ರ ಮುಂದಿನ ಹಂತ.

ಎಲ್ಲರೂ ಎಡವುವುದು ಇಲ್ಲೇ. ತಟ್ಟೆಯಿಂದ ಬೀಜ ತೆಗೆದು ಮುಚ್ಚಳವನ್ನಷ್ಟೇ ಬಿಡಿ, ಕೆಲವನ್ನು ಬಾಯಿಯ ಅಂಚಿನಲ್ಲಿ ಬೀಳುವ ಹಾಗಿಡಿ. ಬೀಜ ಹುಡುಕುತ್ತ ಕಾಗೆ ಕತ್ತು ಓರೆ ಮಾಡಿ ಕೊಕ್ಕಿನಲ್ಲಿ ಸರಿಸುತ್ತದೆ, ಒಂದು ಮುಚ್ಚಳ ಒಳಗೆ ಟಣ್ ಎಂದು ಬೀಳುತ್ತದೆ, ಕಾಗೆ ಹಿಂದಕ್ಕೆ ಜಿಗಿಯುತ್ತದೆ, ಬೀಜ ಉದುರುತ್ತದೆ. ಇದು ನೂರು ಸಲವಾದರೂ ಆಗಲಿ. ಎರಡು ದಿನ ಒಂದೂ ಬೀಳದಿದ್ದರೆ ಹಿಂದಿನ ಹಂತಕ್ಕೆ ಹೋಗಿ, ಹಸಿವಿನಿಂದ ಕಲಿಯಲೆಂದು ಕಾಯಬೇಡಿ. ಪಕ್ಕದ ತಾರಸಿಯಲ್ಲಿ ಅನ್ನ ಸಿಗುವಾಗ ಅದಕ್ಕೇನು ದರ್ದು? ಆಮೇಲೆ ಮುಚ್ಚಳಗಳನ್ನು ಒಂದಡಿ, ಮೂರಡಿ, ತಾರಸಿಯ ಮೂಲೆ ಎಂದು ದೂರ ಸರಿಸುತ್ತ ಹೋಗಿ.

ಕಲ್ಲು, ಎಲೆ ಹಾಕಿ ನೋಡುವ ಕಾಗೆಯೂ ಇರುತ್ತದೆ. ಸೆನ್ಸರ್ ಮೋಸ ಹೋಗುವುದಿಲ್ಲ, ಜಾರುಹಲಗೆ ಮಾತ್ರ ಕಟ್ಟಿಕೊಳ್ಳುತ್ತದೆ, ದಿನಾ ನೋಡಿ. ಪಾರಿವಾಳ ಮುತ್ತಿದರೆ ತಟ್ಟೆ ಚಿಕ್ಕದು ಮಾಡಿ. ಅಳಿಲಿನ ಕಾಟಕ್ಕೆ ಪೆಟ್ಟಿಗೆಯನ್ನು ಗೋಡೆಯಿಂದ ದೂರ, ಕಬ್ಬಿಣದ ಕಂಬದ ಮೇಲೆ ನಿಲ್ಲಿಸಿ. ಮಳೆಗಾಲದಲ್ಲಿ ಒಂದು ದಿನಕ್ಕಾಗುವಷ್ಟೇ ಬೀಜ ತುಂಬಿ, ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಬೇಸಿಗೆಯಲ್ಲಿ ಹತ್ತಿರದ ಮರದಲ್ಲಿ ಗೂಡು ಕಟ್ಟಿದ್ದರೆ ತಲೆಗೆ ಟೋಪಿ ಹಾಕಿಕೊಂಡೇ ಮೇಲೆ ಹೋಗಿ.