ಹುಣಸೆ ಬೀಜ ಮತ್ತು ನನ್ನ ಎಂ.ಫಾರ್ಮಾ

ಬಿ.ಫಾರ್ಮಾ ರಿಸಲ್ಟ್ ಬಂದ ವಾರವೇ ಮಾವ ಮನೆಗೆ ಬಂದರು. ಕಾರಟಗಿಯಲ್ಲಿ ಅವರದೊಂದು ಮೆಡಿಕಲ್ ಶಾಪ್. "ಯವ್ವಾ, ಓದಿದ್ದು ಸಾಕು. ನಿನ್ನ ಸರ್ಟಿಫಿಕೇಟ್ ನಮ್ಮ ಅಂಗಡ್ಯಾಗ ಹಾಕೂಣು" ಅಂದರು. ಗೋಡೆಗೆ ಸರ್ಟಿಫಿಕೇಟ್ ಬೇಕು, ಕೌಂಟರಿನಲ್ಲಿ ಆ ಫಾರ್ಮಸಿಸ್ಟ್ ಇರದಿದ್ದರೂ ನಡೆಯುತ್ತೆ ಅನ್ನುವುದು ಅವರ ಲೆಕ್ಕ. ನನಗೆ ಅದು ಒಗ್ಗಲಿಲ್ಲ. ಮಾತ್ರೆ ಮಾರುವುದಕ್ಕಿಂತ ಅದು ಹೇಗೆ ಆಗುತ್ತೆ ಅಂತ ನೋಡುವ ಹುಚ್ಚು ನನಗೆ.

ಫಾರ್ಮಸಿಯ ಸ್ನಾತಕೋತ್ತರ ಓದು ಎಂ.ಫಾರ್ಮಾಕ್ಕೆ ದೇಶಮಟ್ಟದ ಪ್ರವೇಶ ಪರೀಕ್ಷೆ ಜಿಪ್ಯಾಟ್ ಬರೆದೆ. 125 ಪ್ರಶ್ನೆ, 3 ಗಂಟೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ ಒಂದು ಹೋಗುತ್ತೆ. ಪಾಸಾಗಿ ಸೀಟು ತಗೊಂಡರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಅಪ್ಪ ಒಪ್ಪಿದ್ದೇ ಆ ಲೆಕ್ಕಕ್ಕೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲು ಸೀಟಿಗೆ ಬೇಕಾಗುವ 371ಜೆ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಂಡಿದ್ದೆ. ರಾಯಚೂರಿನ ಒಂದು ಕಾಲೇಜಿನಲ್ಲಿ ಫಾರ್ಮಾಸ್ಯೂಟಿಕ್ಸ್, ಅಂದರೆ ಔಷಧಿಯನ್ನು ಮಾತ್ರೆ ಗೀತ್ರೆ ಮಾಡುವ ವಿಭಾಗ, ಸಿಕ್ಕಿತು. ಸಿಂಧನೂರು, ಮಾನ್ವಿ ಮೇಲೆ ಸರ್ಕಾರಿ ಬಸ್ಸು, ಮೂರು ಡ್ರೆಸ್ಸು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ. ಮೊದಲ ವರ್ಷ ಕ್ಲಾಸು, ಪ್ರಾಕ್ಟಿಕಲ್, ಸೆಮಿನಾರು, ಅಷ್ಟೇ. ಎಂ.ಫಾರ್ಮಾ ನಿಜವಾಗಿ ಶುರುವಾಗುವುದು ಎರಡನೇ ವರ್ಷ, ಥೀಸಿಸ್ ತಲೆ ಮೇಲೆ ಬಿದ್ದಾಗ.

ಟಾಪಿಕ್ ಹುಡುಕುವಾಗ ನಾನೂ ಎಲ್ಲರ ಹಾಗೆ ನ್ಯಾನೋ ಅದು ಇದು ಅಂತ ಬರೆದುಕೊಂಡು ಗೈಡ್ ಮೇಡಂ ಹತ್ತಿರ ಹೋದೆ. ಅವರು ಪೇಪರ್ ಓದಲೇ ಇಲ್ಲ. "ಲ್ಯಾಬಿಗೆ ಹೋಗಿ ಯಾವ ಮಷಿನ್ ನಡೀತಿದೆ ಬರ್ಕೊಂಡು ಬಾ" ಅಂದರು. ನಡೆಯುತ್ತಿದ್ದದ್ದು ಟ್ಯಾಬ್ಲೆಟ್ ಪಂಚಿಂಗ್ ಮಷಿನ್, ಮಾತ್ರೆಯಿಂದ ಔಷಧಿ ಎಷ್ಟು ಬೇಗ ಕರಗಿ ಬರುತ್ತೆ ಅಂತ ನೋಡುವ ಡಿಸಲ್ಯೂಷನ್ ಮಷಿನ್ ಮತ್ತು ದ್ರಾವಣದಲ್ಲಿ ಔಷಧಿ ಎಷ್ಟಿದೆ ಅಂತ ಬೆಳಕಿನಿಂದ ಅಳೆಯುವ ಯುವಿ. ಔಷಧಿಯನ್ನು ಬೇರ್ಪಡಿಸಿ ಅಳೆಯುವ ದೊಡ್ಡ ಮಷಿನ್ ಎಚ್‌ಪಿಎಲ್‌ಸಿ ಮೇಲೆ ಹೊದಿಕೆ ಇತ್ತು, ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಹಾಗಾಗಿ ನಿಧಾನವಾಗಿ ಔಷಧಿ ಬಿಡುವ ಮಾತ್ರೆ ಮಾಡುವುದು ಅಂತಾಯಿತು. ಔಷಧಿಯನ್ನು ಹಿಡಿದಿಡಲು ಹುಣಸೆ ಬೀಜದ ಅಂಟು. ಔಷಧಿ ಡೈಕ್ಲೋಫೆನಾಕ್ ಸೋಡಿಯಂ, ಅದೇ ಮೈಕೈ ನೋವಿನ ಮಾತ್ರೆ, 100 ಮಿಲಿಗ್ರಾಂ. ಹೈದರಾಬಾದಿನ ಕಂಪನಿಗಳಿಗೆ ಪತ್ರದ ಮೇಲೆ ಪತ್ರ ಹಾಕಿದ ಮೇಲೆ ಒಂದು ಕಡೆಯಿಂದ ಔಷಧಿಯ ಪುಕ್ಕಟೆ ಗಿಫ್ಟ್ ಸ್ಯಾಂಪಲ್ ಬಂತು.

ಹುಣಸೆ ಬೀಜಕ್ಕೆ ಮಾತ್ರ ಯಾರಿಗೂ ಪತ್ರ ಬರೆಯಬೇಕಿರಲಿಲ್ಲ! ಹೊಲದ ಬದುವಿನಲ್ಲಿ ಮರ ಇದೆ, ಮನೆಯಲ್ಲಿ ಅರ್ಧ ಚೀಲ ಬೀಜ ಇತ್ತು. ಕಷ್ಟ ಇದ್ದದ್ದು ಆ ಕಂದು ಸಿಪ್ಪೆ ತೆಗೆಯುವುದರಲ್ಲಿ. ಎರಡು ದಿನ ಕಲ್ಲಿನಿಂದ ಜಜ್ಜಿ ಬೆರಳು ಬಾತುಕೊಂಡಿತು. ನಮ್ಮ ಓಣಿಯಲ್ಲಿ ಕಂಬಳಿ ನೇಯುವ ಅಜ್ಜ ಒಬ್ಬರಿದ್ದಾರೆ. ಕಂಬಳಿ ನೂಲು ಬಿಗಿಯಾಗಲು ಹುಣಸೆ ಬೀಜದ ಅಂಟನ್ನೇ ಸವರುತ್ತಾರೆ. ನನ್ನ ಅವಸ್ಥೆ ನೋಡಿ ನಕ್ಕು, "ಉಸುಕಿನ್ಯಾಗ ಹುರಿ ಯವ್ವಾ, ತಾನ ಬಿಡ್ತದ. ಆಮ್ಯಾಗ ಸಣ್ಣಗ ಬೀಸು, ಕಾಡಿಗಿ ಹಂಗ" ಅಂದರು. ಹುರಿಯುವ ಮಾತು ಕೇಳಿದೆ. ಬೀಸುವ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಟು ತೆಗೆಯುವ ಕ್ರಮ ಹೀಗಿದೆ. 20 ಗ್ರಾಂ ಬಿಳಿ ಬೇಳೆಯ ಪುಡಿಯನ್ನು 200 ಮಿಲಿ ತಣ್ಣೀರಿನಲ್ಲಿ ಕಲಸಬೇಕು. ಅದನ್ನು ಕುದಿಯುವ 800 ಮಿಲಿ ಡಿಸ್ಟಿಲ್ಡ್ ವಾಟರಿಗೆ ಸುರಿದು 20 ನಿಮಿಷ ತಿರುವುತ್ತಾ ಕುದಿಸಬೇಕು. ಒಂದು ರಾತ್ರಿ ಬಿಟ್ಟರೆ ಕೆಳಗೆ ಗಸಿ ನಿಲ್ಲುತ್ತೆ. ಮೇಲಿನ ತಿಳಿಯನ್ನು ಎರಡರಷ್ಟು ಅಸಿಟೋನಿಗೆ ಹಾಕಿದರೆ ಬಿಳಿ ಎಳೆ ಎಳೆಯಾಗಿ ಅಂಟು ಬೇರೆಯಾಗುತ್ತೆ. ಮೊದಲ ಸಲ ಅದನ್ನು ನೋಡಿದಾಗ ಗೆಳತಿಯನ್ನು ಕೂಗಿ ಕರೆದಿದ್ದೆ. ಆಮೇಲೆ ಓವನ್‌ನಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯುವುದು. ನಾನು ಕೈಗೆ ಸಿಕ್ಕ ದಪ್ಪ ಜರಡಿ ಹಿಡಿದೆ.

ಮಾತ್ರೆ ಒತ್ತಿದೆ. ತೂಕ ಸರಿ, ಗಟ್ಟಿತನ ಸರಿ, ಉದುರುವುದು ಶೇ. 1ಕ್ಕಿಂತ ಕಡಿಮೆ. ಡಿಸಲ್ಯೂಷನ್‌ಗೆ ಹಾಕಿದೆ. ಮೊದಲ ಎರಡು ಗಂಟೆ ಹೊಟ್ಟೆಯ ಹಾಗೆ ಆಸಿಡ್, ಆಮೇಲೆ ಕರುಳಿನ ಹಾಗೆ ಬಫರ್ ದ್ರಾವಣ. ಗಂಟೆಗೊಮ್ಮೆ 5 ಮಿಲಿ ತೆಗೆದು, ಅಷ್ಟೇ ಹೊಸ ಬಫರ್ ಹಾಕಿ, ಯುವಿಯಲ್ಲಿ 276 ನ್ಯಾನೋಮೀಟರಿಗೆ ಓದುವುದು. ಎರಡು ಗಂಟೆಯಾದರೂ ಆಸಿಡ್‌ನಲ್ಲಿ ಔಷಧಿ ಬಂದೇ ಇಲ್ಲ ಅನ್ನುವಷ್ಟು ಕಡಿಮೆ. ಕುಣಿದಾಡಿಬಿಟ್ಟೆ. ಗ್ರಾಫ್ ಹಿಡಿದು ಮೇಡಂ ಹತ್ತಿರ ಓಡಿದೆ.

ಮೇಡಂ ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು. "ತಡೆದಿದ್ದು ನಿನ್ನ ಹುಣಸೆ ಬೀಜಾನಾ, ಇಲ್ಲಾ ಔಷಧಿನೇ ಆಸಿಡ್‌ನಲ್ಲಿ ಕರಗಲಿಲ್ವಾ?"

ಡೈಕ್ಲೋಫೆನಾಕ್ ಆಸಿಡ್‌ನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಿ.ಫಾರ್ಮಾದಲ್ಲೇ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎದುರಿಗೆ ಬಂದಾಗ ನೆನಪಾಗಲಿಲ್ಲ. ಬಫರ್‌ಗೆ ಹೋದ ಮೇಲಂತೂ ಮಾತ್ರೆ ಒಂದೂವರೆ ಗಂಟೆಯಲ್ಲಿ ಪುಡಿಪುಡಿಯಾಗಿ, ಔಷಧಿ ಹೆಚ್ಚುಕಡಿಮೆ ಎಲ್ಲಾ ಹೊರಗೆ ಬಂತು. ಅಂದರೆ ನನ್ನ ಅಂಟು ಏನೂ ಹಿಡಿದೇ ಇರಲಿಲ್ಲ.

ಆವತ್ತಿನಿಂದ ಹೋಲಿಸಿ ನೋಡಲು ಅಂಟಿಲ್ಲದ ಮಾತ್ರೆಯನ್ನೂ ಮಾಡಿ ಜೊತೆಗೆ ಹಾಕತೊಡಗಿದೆ. ಎಂ.ಫಾರ್ಮಾದಲ್ಲಿ ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಆ ಬೋಳು ಮಾತ್ರೆಯದೇ. ಪುಡಿಯಾಗುತ್ತಿದ್ದದ್ದಕ್ಕೆ ಕಾರಣ ಒಂದು ತಿಂಗಳು ಸಿಗಲಿಲ್ಲ. ಅಂಟು ಹೆಚ್ಚಿಸಿದೆ, ಒತ್ತಡ ಹೆಚ್ಚಿಸಿದೆ, ಸುಮ್ನೆ ಸಾಮಾನು ಖರ್ಚಾಯಿತು. ಕೊನೆಗೆ ಸಣ್ಣ ಜರಡಿ ಹಿಡಿದು ನೋಡಿದೆ. ದಪ್ಪ ಕಾಳು ನಿಧಾನವಾಗಿ ನೆನೆಯುತ್ತೆ. ಅಷ್ಟರಲ್ಲಿ ನೀರು ಸಂದಿಯಲ್ಲಿ ನುಗ್ಗಿ ಮಾತ್ರೆಯನ್ನು ಒಡೆಯುತ್ತೆ. ಸಣ್ಣ ಪುಡಿಯಾದರೆ ಮಾತ್ರೆಯ ಸುತ್ತ ಬೇಗ ಲೋಳೆ ಕಟ್ಟುತ್ತೆ, ಔಷಧಿ ಅದನ್ನು ದಾಟಿಕೊಂಡೇ ಬರಬೇಕು. ಕಾಡಿಗಿ ಹಂಗ, ಅಂತ ಅಜ್ಜ ಹೇಳಿದ್ದರಲ್ವಾ.

ಅಷ್ಟು ಹೊತ್ತಿಗೆ ಏಪ್ರಿಲ್ ಬಂತು. ಡಿಸಲ್ಯೂಷನ್ ನೀರು 37 ಡಿಗ್ರಿ ಇರಬೇಕು, ಅರ್ಧ ಡಿಗ್ರಿ ಆಚೆ ಈಚೆ ಮಾತ್ರ. ನಮ್ಮ ಮಷಿನ್‌ಗೆ ಬಿಸಿ ಮಾಡುವುದು ಗೊತ್ತು, ತಣ್ಣಗೆ ಮಾಡುವುದು ಗೊತ್ತಿಲ್ಲ. ರಾಯಚೂರಿನ ಮಧ್ಯಾಹ್ನ, ಟ್ಯಾಂಕಿನ ನೀರೇ ಸುಡುತ್ತಿರುತ್ತೆ. ಹೀಟರ್ ಆಫ್ ಮಾಡಿದರೂ ಮೀಟರ್ 38 ದಾಟುತ್ತಿತ್ತು. ಎರಡು ದಿನ ಸೋಡಾ ಅಂಗಡಿಯಿಂದ ಐಸ್ ತಂದು ಹಾಕಿದೆ. ಏರಿಳಿತ ಇನ್ನೂ ಜಾಸ್ತಿಯಾಯಿತು. ಕೊನೆಗೆ ಪ್ರಿನ್ಸಿಪಾಲರಿಂದ ಪರ್ಮಿಷನ್ ತಗೊಂಡು ಸಂಜೆ 7ರಿಂದ ಬೆಳಿಗ್ಗೆ 7ರವರೆಗೆ ನಡೆಸಿದೆ. ಜೊತೆಗೆ ಒಬ್ಬ ಗೆಳತಿ, ಒಂದು ಫ್ಲಾಸ್ಕ್ ಚಹಾ, ಗಂಟೆಗೊಂದು ಅಲಾರಂ. ಕರೆಂಟು ಹೋಗಿ ಎರಡು ರಾತ್ರಿಯ ಕೆಲಸ ಹಾಳಾಯಿತು. ಐದನೇ ಬ್ಯಾಚಿನ ಮಾತ್ರೆ ಒಡೆಯದೆ, ನಿಧಾನವಾಗಿ ಔಷಧಿ ಬಿಡುತ್ತಾ 12 ಗಂಟೆ ನಿಂತಿತು.

ಇಟ್ಟರೆ ಮಾತ್ರೆ ಕೆಡುತ್ತಾ ಅಂತ ನೋಡುವ ಸ್ಟೆಬಿಲಿಟಿ ಟೆಸ್ಟಿಗೆ 40 ಡಿಗ್ರಿ, 75 ಪರ್ಸೆಂಟ್ ತೇವ. 40 ಡಿಗ್ರಿಯನ್ನು ನಮ್ಮೂರು ಪುಕ್ಕಟೆ ಕೊಡುತ್ತೆ. ತೇವಕ್ಕೆ ಮಾತ್ರ ಛೇಂಬರ್ ಬೇಕಾಯಿತು.

ವೈವಾಗೆ ಹೊರಗಿನಿಂದ ಬಂದ ಸರ್ ನಿಧಾನವಾಗಿ ಪುಟ ತಿರುವಿದರು. "ಪ್ಲೇನ್ ಟ್ಯಾಬ್ಲೆಟ್ ಗ್ರಾಫ್ ಇದೆಯೇನಮ್ಮಾ?" ಅದೇ ಬೋಳು ಮಾತ್ರೆಯದು. ಇತ್ತು, ತೋರಿಸಿದೆ. ತಲೆಯಾಡಿಸಿದರು. ಮುಗಿಯಿತು ಅಂದುಕೊಂಡೆ. ಥೀಸಿಸ್ ಮುಚ್ಚುತ್ತಾ, "ಈ ವರ್ಷದ ಹುಣಸೆಗೂ ಮುಂದಿನ ವರ್ಷದ ಹುಣಸೆಗೂ ಅಂಟು ಒಂದೇ ಥರ ಇರುತ್ತಾ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲಾ ಬೀಜವೂ ಒಂದೇ ಮರದ್ದು ಸರ್, ಅಂದೆ. ಅವರು ನಕ್ಕು ಸಹಿ ಹಾಕಿದರು.